ಅರಳೆ ಗಿರಣಿಯ ಮೋಟಾರಿಗೆ ಬಂಗಾರ ಕಾಗದ

ಕಾವೇರಿ, ವೀರೂ,

ಹೋದ ಭಾನುವಾರ ನೀವಿಬ್ಬರೂ ಕೆಟ್ಟ ಫೋನೊಂದನ್ನು ಬಿಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಿರಿ. ಕಾವೇರಿ ಅದರ ಹೊಟ್ಟೆಯೊಳಗಿಂದ ತೆಳ್ಳನೆಯ ಪಟ್ಟಿಯೊಂದನ್ನು ಕಿತ್ತು ನನ್ನ ಬೆರಳಿಗೆ ಅಂಟಿಸಿ, "ಆಯೀ, ನೋಡಿಲ್ಲೆ, ಜೇನುತುಪ್ಪದ ಬಣ್ಣ" ಅಂದಳು. ನಾನು ಅದನ್ನು ಬೆಳಕಿಗೆ ಹಿಡಿದು, "ಇದು ಬೆಂಕಿಗೆ ಸುಡೂದಿಲ್ಲ" ಅಂದೆ. ವೀರೂ ನಂಬಲಿಲ್ಲ. ಕಡ್ಡಿ ಗೀರಿ ಹಿಡಿದ. ಸುಡಲಿಲ್ಲ. "ನಿನಗ ಹ್ಯಾಂಗ ಗೊತ್ತಾತು?" ಎಂದು ಇಬ್ಬರೂ ಒಟ್ಟಿಗೆ ಕೇಳಿದಿರಿ. ನಾನು ಚಹಾ ಇಡಲು ಒಳಗೆ ಹೋದೆ.

ಹೇಳಬಾರದು ಅಂತಲ್ಲ. ನಾಲ್ಕು ಮಂದಿಯ ಮುಂದೆ ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ನಿಮ್ಮ ಮುಂದೆ ಕೂಡ ಒಂದು ಮಾತು ಆಡಿದರೆ ಎರಡನೆಯದು ಗಂಟಲಲ್ಲೇ ಉಳಿಯುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಕಟಕೋಳದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇಷ್ಟಕ್ಕೆ ಸಾಕು. ಆದರೆ ಮೊದಲೇ ಹೇಳಿಬಿಡುತ್ತೇನೆ, ಆಗ ನಡೆದದ್ದರಲ್ಲಿ ಅರ್ಧ ನನಗೆ ಇವತ್ತಿಗೂ ತಿಳಿದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಅಜ್ಜ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಿಮ್ಮವ್ವ ಎರಡನೆಯ ಇಯತ್ತೆಯಲ್ಲಿದ್ದಳು. ನಾನು ಬೈಲಹೊಂಗಲದಲ್ಲಿ ಮೋಟಾರು ಕಟ್ಟುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮೋಟಾರು ಕಟ್ಟುವುದು ಅಂದರೆ, ಸುಟ್ಟ ಮೋಟಾರಿನ ಒಳಗಿನ ಹಳೆಯ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೂಡಿಸುವುದು. ಅಂಗಡಿಯ ಮೇಸ್ತ್ರಿ ನಿಮ್ಮ ಅಜ್ಜನಿಗೆ ದೂರದ ಸಂಬಂಧ. ನಾನು ಕಾಕಾ ಅನ್ನುತ್ತಿದ್ದೆ. ಅವರು ನನ್ನನ್ನು ಕೆಲಸಕ್ಕೆ ಕರೆದದ್ದು ಕರುಣೆಯಿಂದಲ್ಲ. "ಬಳಿ ತೊಟ್ಟ ಕೈ ಈ ಕೆಲಸಕ್ಕ ಆಗೂದಿಲ್ಲ ತಂಗಿ, ತಂತಿ ಮ್ಯಾಲಿನ ಪಾಲಿಶ್ ಕೆರದ ಹೋಗತೈತಿ" ಅಂದಿದ್ದರು. ತಂತಿಯ ಮೇಲೆ ತೆಳ್ಳನೆಯ ಲೇಪ ಇರುತ್ತದೆ, ಗಾಜಿನ ಬಳೆ ಉಜ್ಜಿದರೆ ಅದು ಏಳುತ್ತದೆ. ನನ್ನ ಕೈ ಬರಿದಾಗಿತ್ತು. ಆ ಮಾತಿಗೆ ಅಳಬೇಕೋ ಬಿಡಬೇಕೋ ತಿಳಿಯದೆ ಮರುದಿನ ಕೆಲಸಕ್ಕೆ ಹೋದೆ.

ಅಂಗಡಿಯ ಹಿಂಭಾಗಕ್ಕೆ ಗೋಣಿತಟ್ಟಿನ ಪರದೆ ಇತ್ತು. ನಾನು ಅದರ ಹಿಂದೆ ಕುಳಿತು ತಂತಿ ಸುತ್ತುತ್ತಿದ್ದೆ. ಗಿರಾಕಿಗಳ ದನಿ ನನಗೆ ಗೊತ್ತಿತ್ತು, ಅವರ ಮುಖ ಗೊತ್ತಿರಲಿಲ್ಲ. ನನಗೆ ಅದೇ ಬೇಕಾಗಿತ್ತು.

ಆಗ ಅರಳೆಯ ಹಂಗಾಮು. ಸವದತ್ತಿ ರಸ್ತೆಯ ಗಿರಣಿಯಿಂದ ದೊಡ್ಡ ಮೋಟಾರು ಸುಟ್ಟು ಬಂತು. ಅದೇ ಹಂಗಾಮಿನಲ್ಲಿ ಎರಡನೆಯ ಸಲ. ಅರಳೆ ಬಿಡಿಸುವ ಗಿರಣಿಯಲ್ಲಿ ಗಾಳಿಯ ತುಂಬ ಎಳೆ ಹಾರಾಡುತ್ತದೆ. ಅದು ಮೋಟಾರಿನ ಕಿಂಡಿಗೆ ಮೆತ್ತಿಕೊಂಡರೆ ಒಳಗೆ ಗಾಳಿ ಹೋಗುವುದಿಲ್ಲ. ಮೋಟಾರು ಕಾಯುತ್ತದೆ, ಒಳಗಿನ ಕಾಗದ ಕರಕಾಗುತ್ತದೆ, ತಂತಿ ಕಬ್ಬಿಣಕ್ಕೆ ತಾಗುತ್ತದೆ. ಅದಕ್ಕೆಂದೇ ಗಿರಣಿಯವರು ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದರು. ತಾಸಿಗೊಮ್ಮೆ ಕಿಂಡಿಗೆ ಮೆತ್ತಿದ ಅರಳೆಯನ್ನು ಕೈಯಿಂದ ಬಿಡಿಸುವುದು ಅವಳ ಕೆಲಸ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಗಿರಣಿಯ ಮ್ಯಾನೇಜರರು ಈ ಸಲ ಮೋಟಾರಿನ ಜೊತೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಿದ್ದರು. ಗಿರಣಿಯ ಮಾಲಕರ ಅಳಿಯ ಮುಂಬಯಿಯಲ್ಲಿ ಮೋಟಾರು ಮಾಡುವ ಕಾರಖಾನೆಯಲ್ಲಿ ಇಂಜಿನಿಯರರಂತೆ. ಅವರು ಕಳಿಸಿದ್ದು. ಪೆಟ್ಟಿಗೆಯಲ್ಲಿ ಒಂದು ಸುರುಳಿ ಹಾಳೆ, ಎರಡು ಸುರುಳಿ ಅಂಟುಪಟ್ಟಿ. ಪರದೆಯ ಸಂದಿನಿಂದ ನೋಡಿದೆ. ಹಾಳೆಯ ಆಚೆ ಹಿಡಿದ ಕಾಕಾನ ಕೈ ಜೇನಿನಲ್ಲಿ ಅದ್ದಿದಂತೆ ಕಾಣುತ್ತಿತ್ತು.

"ಇದು ಕಾಗದ ಅಲ್ಲ ಮೇಸ್ತ್ರಿ. ಪಾಲಿಇಮೈಡ್ ಅಂತಾರಂತ. ರೇಲ್ವೆ ಇಂಜಿನ್ನಿನ ಮೋಟಾರಿಗೆ ಹಾಕತಾರಂತ, ವಿಮಾನದ ವೈರಿಗೆ ಸುತ್ತತಾರಂತ. ಪರದೇಶದ ಮಾಲು."

"ವಿಮಾನಕ್ಕ ಸುತ್ತೂದು ನಿಮಗ್ಯಾಕ್ರೀ ಸಾಹೇಬ್ರ? ನಿಮ್ಮ ಗಿರಣಿ ಹಾರತೈತೇನು?"

"ಹಾರೂದ ಬ್ಯಾಡೋ ಮಾರಾಯಾ. ನಿಂತಲ್ಲೇ ತಿರಗಿದ್ರ ಸಾಕಾಗೇತಿ."

ಕಾಕಾ ಒಂದು ತುಂಡು ಕತ್ತರಿಸಿ ಕಡ್ಡಿ ಗೀರಿ ಹಿಡಿದರು. ಕಡ್ಡಿ ಉರಿದು ಬೆರಳಿಗೆ ಬಂದು ಕಾಕಾ "ಹಾ" ಅಂದರು. ಹಾಳೆಗೆ ಮಸಿ ಹತ್ತಿತ್ತು ಅಷ್ಟೇ. ಧೋತರದ ತುದಿಯಿಂದ ಒರೆಸಿದರೆ ಅದೂ ಹೋಯಿತು. ಇನ್ನೊಂದು ಕಡ್ಡಿ, ಆಮೇಲೆ ಚಿಮಣಿಯ ದೀಪ. ಊಹೂಂ.

"ಇದ ಸುಡೂದಿಲ್ಲ ಅಂದ್ರ ಇದರೊಳಗ ಕುಂತ ತಂತಿ ಎಲ್ಲಿಂದ ಸುಟ್ಟೀತು? ಮುಗೀತ ನಿಮ್ಮ ತ್ರಾಸ" ಅಂದರು ಕಾಕಾ.

ಅಂದಿನಿಂದ ಅಂಗಡಿಯಲ್ಲಿ ಅದಕ್ಕೆ ಬಂಗಾರ ಕಾಗದ ಎಂದೇ ಹೆಸರು.

ಕೆಲಸದ ಕ್ರಮ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮೋಟಾರಿನ ಚಿಪ್ಪಿನೊಳಗೆ ದಪ್ಪ ಕಬ್ಬಿಣದ ಉಂಗುರ ಇರುತ್ತದೆ. ಅದರ ಒಳಮೈಗೆ ಉದ್ದುದ್ದ ಸೀಳುಗಳು, ಈ ಮೋಟಾರಿಗೆ ಮೂವತ್ತಾರು. ಪ್ರತಿ ಸೀಳಿಗೆ ಮೊದಲು ದಪ್ಪ ಕಾಗದದ ತೊಟ್ಟಿಲು ಮಾಡಿ ಇಡಬೇಕು. ಅದರೊಳಗೆ ತಂತಿಯ ಸುರುಳಿ ಇಳಿಸಬೇಕು. ತಂತಿ ಎಲ್ಲಿಯೂ ಕಬ್ಬಿಣಕ್ಕೆ ತಾಗಬಾರದು, ತಾಗಿದರೆ ಕರೆಂಟು ಮೋಟಾರಿನ ಮೈಗೆ ಬರುತ್ತದೆ. ಆಮೇಲೆ ಸೀಳಿನ ಬಾಯಿಂದ ಹೊರಗೆ ಉಳಿದ ಕಾಗದವನ್ನು ಅರ್ಧ ಬ್ಲೇಡಿನಿಂದ ಸವರಿ, ಒಳಗೆ ಮಡಿಚಿ, ಮೇಲೆ ಬಿದಿರಿನ ಕಡ್ಡಿ ಹೊಡೆದು ಮುಚ್ಚಬೇಕು. ಬ್ಲೇಡನ್ನು ಕಬ್ಬಿಣದ ಅಂಚಿಗೆ ಒತ್ತಿ ಹಿಡಿದು ಒಂದೇ ಎಳೆತಕ್ಕೆ ಎಳೆಯುವುದನ್ನು ಕಾಕಾ ನನಗೆ ಮೊದಲ ತಿಂಗಳೇ ಕಲಿಸಿದ್ದರು. ನನ್ನ ಕೈ ಅದಕ್ಕೆ ಚೆನ್ನಾಗಿ ಕುದುರಿತ್ತು. ಕೊನೆಗೆ ಇಡೀ ಉಂಗುರವನ್ನು ವಾರ್ನಿಶಿನಲ್ಲಿ ಅದ್ದಿ, ಇದ್ದಿಲ ಬೆಂಕಿಯ ಮೇಲಿಟ್ಟ ಡ್ರಮ್ಮಿನಲ್ಲಿ ಒಣಗಿಸುವುದು.

ಬಂಗಾರ ಕಾಗದ ನನ್ನನ್ನು ಗೋಳಾಡಿಸಿತು. ದಪ್ಪ ಕಾಗದ ಮಡಿಚಿದರೆ ಮಡಿಚಿದಂತೆ ಕೂಡುತ್ತದೆ. ಇದು ಸೀಳಿನಲ್ಲಿ ಇಟ್ಟರೆ ಜಾರಿ ಹೊರಗೆ ಬರುತ್ತಿತ್ತು. ಒಂದು ತುಂಡು ನನ್ನ ಮೊಣಕೈಗೆ ಅಂಟಿಕೊಂಡು ಅಂಗಡಿಯೆಲ್ಲ ಸುತ್ತಿ ಬಂತು. ಈರುಳ್ಳಿಯ ಸಿಪ್ಪೆಯಷ್ಟು ತೆಳುವಿದ್ದದ್ದು ಇಷ್ಟು ದೊಡ್ಡ ಮೋಟಾರಿನ ಕರೆಂಟನ್ನು ಹೇಗೆ ತಡೆದೀತು ಎಂದು ನನಗೆ ಅರ್ಥವಾಗಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ವಿಮಾನದಾಗ ಕುಂತ ಹೋಗವ್ರು ಕೇಳವಲ್ರು, ನೀ ಕೇಳಾಕತ್ತೀಯಲ್ಲ" ಅಂದರು ಕಾಕಾ.

ಮೂವತ್ತಾರೂ ಸೀಳು ತುಂಬಿದೆ, ಬ್ಲೇಡಿನಿಂದ ಸವರಿದೆ, ಸುರುಳಿಗಳ ತಲೆಗೆ ಅಂಟುಪಟ್ಟಿ ಸುತ್ತಿದೆ. ಕೊನೆಗೆ ಕಾಕಾ ಬಲ್ಬು ಹಚ್ಚಿ ನೋಡಿದರು. ಒಂದು ವೈರು ತಂತಿಗೆ, ಒಂದು ಮೋಟಾರಿನ ಮೈಗೆ, ನಡುವೆ ಬಲ್ಬು. ಬಲ್ಬು ಹತ್ತಿದರೆ ಕರೆಂಟು ಮೈಗೆ ಬರುತ್ತಿದೆ ಅಂತ ಅರ್ಥ. ಹತ್ತಲಿಲ್ಲ. ಮೋಟಾರು ಎತ್ತಿನ ಚಕ್ಕಡಿಯಲ್ಲಿ ಗಿರಣಿಗೆ ಹೋಯಿತು.

ಐದನೆಯ ದಿನ ಮಧ್ಯಾಹ್ನ ಅದೇ ಚಕ್ಕಡಿ ಅಂಗಡಿಯ ಮುಂದೆ ನಿಂತಿತು. ಮೋಟಾರಿನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಬಲಗೈಯನ್ನು ಹಳೆಯ ಪಂಚೆಯಿಂದ ಕೊರಳಿಗೆ ಕಟ್ಟಿಕೊಂಡಿದ್ದಳು. ಅವಳು ಇಳಿದು ಬಂದ ಸಪ್ಪಳವೂ ಮಾತೂ ಒಟ್ಟಿಗೆ ಕೇಳಿದವು.

"ಯಾರ್ರೀ ಇದನ್ನ ಕಟ್ಟಿದವ್ರು?"

"ಅಂಗಡಿ ನಂದಬೇ" ಅಂದರು ಕಾಕಾ.

"ನಾ ಅಂಗಡಿ ಯಾರದು ಅಂತ ಕೇಳಿಲ್ಲ. ಕೈ ಯಾರದು ಅಂತ ಕೇಳೀನಿ."

ಕಾಕಾ ಏನು ಹೇಳಿದರೋ, ಅವಳು ಸೀದಾ ಬಂದು ಪರದೆ ಸರಿಸಿದಳು. ನನ್ನನ್ನು ನೋಡಿ ಬಾಯಿ ತೆರೆದು ನಿಂತಳು. ಐವತ್ತರ ಹತ್ತಿರದ ಹೆಂಗಸು, ಹಣೆಯ ತುಂಬ ಕುಂಕುಮ, ತಲೆಗೂದಲಲ್ಲಿ ಅರಳೆಯ ಎಳೆ.

"ಏ ಎವ್ವಾ! ಹೆಣ್ಮಗಳ ಕೈಯೇನ ಇದು? ಯಾವನೋ ಭಾಡ್ಯಾ ಇರ್ತಾನು, ಎರಡ ಬೈದು ಬರೂಣು ಅಂತ ಬಂದಿದ್ನಿ. ಈಗ ಹ್ಯಾಂಗ ಬೈಯಲಿ ನಿನಗ?"

ಸಂಗೊಳ್ಳಿಯಿಂದ ದಿನಾ ಗಿರಣಿಗೆ ಬರುವವಳು. ಕಿಂಡಿಯ ಅರಳೆ ಬಿಡಿಸುವವಳು ಇವಳೇ. ನೆಲಕ್ಕೆ ಕುಳಿತು ತಾನೇ ಹೇಳಿದಳು: "ಅರಳಿ ಬಿಡಸಾಕ ಕೈ ಹಚ್ಚೀನಿ ನೋಡು, ಯಾರೋ ಹಿಂದಿಂದ ಜಗ್ಗಿ ಒಗದಂಗಾತು. ಅರಳಿ ರಾಸಿ ಮ್ಯಾಲ ಬಿದ್ದೆ, ಅದಕ್ಕ ಉಳದೀನಿ. ಫರಸಿ ಕಲ್ಲಿನ ಮ್ಯಾಲ ಬಿದ್ದಿದ್ರ ಇವತ್ತು ನನ್ನ ಮಗ ತಲಿ ಬೋಳಸಿಕೊಂಡು ಕುಂತಿರತಿದ್ದ. ದವಾಖಾನ್ಯಾಗ ಏನೂ ಆಗಿಲ್ಲ ಅಂದ್ರು. ಬೆರಳು ಮಾತ್ರ ಇನ್ನ ನಂದು ಅನಸವಲ್ವು."

ಆಮೇಲೆ ದನಿ ಇಳಿಸಿ ಅಂದಳು: "ಇದ ಮತ್ತ ಬಂದ ಮ್ಯಾಲ ನಾನ ಮುಟ್ಟಬೇಕವಾ. ಬ್ಯಾರೇದವ್ರು ಒಲ್ಲೆ ಅಂದಾರ, ನಾನೂ ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾರ. ಅದಕ್ಕ ಏನಾಗಿತ್ತು ಅಂತ ಹೇಳು. ಅಷ್ಟ ಸಾಕು ನನಗ."

ನನಗೆ ಗೊತ್ತಿದ್ದರೆ ತಾನೇ ಹೇಳುವುದು. ನನ್ನ ತಂಬಿಗೆಯನ್ನು ಅವಳ ಮುಂದೆ ಸರಿಸಿದೆ. ಅವಳು ನೀರು ಕುಡಿದು ಎದ್ದು ಹೋದಳು.

ಮೋಟಾರು ಬಿಚ್ಚಿದೆವು. ಸುಟ್ಟ ಮೋಟಾರಿಗೆ ಒಂದು ವಾಸನೆ ಇರುತ್ತದೆ, ಹತ್ತು ಮಾರು ದೂರದಿಂದಲೇ ತಿಳಿಯುತ್ತದೆ. ಇದಕ್ಕೆ ಅದು ಇರಲಿಲ್ಲ. ತಂತಿ ಕಪ್ಪಾಗಿರಲಿಲ್ಲ. ನಾನು ಹೇಗೆ ಕಟ್ಟಿದ್ದೆನೋ ಹಾಗೆಯೇ ಮದುಮಗಳಂತೆ ಹೊಳೆಯುತ್ತ ಕುಳಿತಿತ್ತು. ಆದರೆ ಬಲ್ಬು ಹಚ್ಚಿದರೆ ಮಂಕಾಗಿ ಹತ್ತಿತು. ಕಾಕಾ ಕೈಯಲ್ಲಿದ್ದ ವೈರು ಬಿಟ್ಟು ತಂಬಾಕು ತಿಕ್ಕತೊಡಗಿದರು.

"ಸುಟ್ಟಿಲ್ಲ. ಆದ್ರೂ ಸತ್ತೈತಿ. ಇಪ್ಪತ್ತ ವರ್ಸ ಆತ ಈ ಕೆಲಸಾ ಮಾಡಾಕತ್ತು, ಇಂಥಾದ್ದ ನೋಡಿಲ್ಲ ನಾ."

ಚಕ್ಕಡಿಯ ಹಿಂದೆಯೇ ಬಂದಿದ್ದ ಮ್ಯಾನೇಜರರು ತಂತಿಯೇ ಹಲ್ಕಾ ಮಾಲು ಅಂದರು. ಕಾಕಾ ಗಿರಣಿಯ ಅರ್ಥಿಂಗ್ ಗುಂಡಿ ಒಣಗಿದೆ ಅಂದರು. ಇದ್ದಿಲು, ಉಪ್ಪು ತುಂಬಿ ಕೊಳವೆ ಹುಗಿದ ಆ ಗುಂಡಿಗೆ ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಬೇಕು. ಹಾಕಿದರೆ ಮೈಗೆ ಬಂದ ಕರೆಂಟು ಮನುಷ್ಯರನ್ನು ಬಿಟ್ಟು ನೆಲಕ್ಕೆ ಇಳಿಯುತ್ತದೆ. "ಎಷ್ಟ ದಿನ ಆತ್ರೀ ನೀರ ಹಾಕಿ?" ಎಂದು ಕಾಕಾ ಕೇಳಿದಾಗ ಮ್ಯಾನೇಜರರು ಚಕ್ಕಡಿಯ ಎತ್ತುಗಳನ್ನು ನೋಡತೊಡಗಿದರು. ನನ್ನ ತಲೆ ಕೆಟ್ಟಿತು. ಗುಂಡಿ ಒಣಗಿದ್ದಕ್ಕೆ ಆ ಹೆಣ್ಣುಮಗಳಿಗೆ ಹೊಡೆಯಿತು, ಸರಿ. ಆದರೆ ಕರೆಂಟು ಮೋಟಾರಿನ ಮೈಗೆ ಬಂದದ್ದು ಎಲ್ಲಿಂದ? ಅದಕ್ಕೆ ಗುಂಡಿಯಲ್ಲಿ ಉತ್ತರ ಇರಲಿಲ್ಲ.

ವಾರ್ನಿಶು ಹಿಡಿದ ಸುರುಳಿಗಳನ್ನು ಕಾಕಾ ಉಳಿಯಿಂದ ಕಡಿದು ಇಕ್ಕಳದಿಂದ ಎಳೆದರು. ಬಂಗಾರ ಕಾಗದ ಅವುಗಳ ಜೊತೆ ಚೂರುಚೂರಾಗಿ ಹೊರಬಂತು. ಮೊದಲೇ ಹರಿದಿತ್ತೋ ಎಳೆದಾಗ ಹರಿಯಿತೋ ಎಂದು ನಾನು ಆಗ ಯೋಚಿಸಲಿಲ್ಲ.

"ಒಂದ ಪದರ ಸಾಲಲಿಲ್ಲ. ಎರಡ ಪದರ ಹಾಕು" ಅಂದರು ಕಾಕಾ. ಎರಡು ಪದರ ಹಾಕಿದೆ. ಎರಡನ್ನೂ ಕೂಡಿಸಿ ಅದೇ ಬ್ಲೇಡಿನಿಂದ ಸವರಿದೆ. ವಾರ್ನಿಶು, ಡ್ರಮ್ಮು, ಬಲ್ಬು. ಬಲ್ಬು ಹತ್ತಲಿಲ್ಲ. ಗಿರಣಿಯಿಂದ ದಿನಕ್ಕೆರಡು ಸಲ ಆಳು ಬಂದು ಕೇಳಿ ಹೋಗುತ್ತಿದ್ದ. ಆರನೆಯ ದಿನ ಮ್ಯಾನೇಜರರು ತಾವೇ ಚಕ್ಕಡಿ ತಂದರು. ಹಮಾಲರು ಮೋಟಾರಿಗೆ ಹಗ್ಗ ಕಟ್ಟತೊಡಗಿದರು.

ನಾನು ಪರದೆಯ ಹಿಂದೆ ಕಸ ಗುಡಿಸುತ್ತಿದ್ದೆ. ಬಂಗಾರ ಕಾಗದದ ಸವರಿದ ಪಟ್ಟಿಗಳು ಹೊಳೆಯುತ್ತ ಬಿದ್ದಿದ್ದವು. ನಿಮ್ಮವ್ವನಿಗೆ ಆಟಕ್ಕೆ ಆದೀತು ಎಂದು ಒಂದಿಷ್ಟು ಆರಿಸಿಕೊಂಡೆ. ಒಂದು ಉದ್ದ ಇತ್ತು, ಎರಡು ಮಾಡೋಣವೆಂದು ಎಳೆದೆ. ಹರಿಯಲಿಲ್ಲ. ಎರಡೂ ಕೈಗೆ ಸುತ್ತಿಕೊಂಡು ಎಳೆದೆ, ಬೆರಳಿಗೆ ಬರೆ ಎದ್ದಿತೇ ಹೊರತು ಅದು ಜಗ್ಗಲಿಲ್ಲ. ಇನ್ನೊಂದು ಪಟ್ಟಿ ತೆಗೆದುಕೊಂಡೆ. ಅದು ಮುಟ್ಟಿದ ಕೂಡಲೇ ಸರಕ್ಕನೆ ಉದ್ದಕ್ಕೆ ಸೀಳಿಹೋಯಿತು.

ನನಗೆ ಗೊಂದಲವಾಯಿತು. ಒಂದೇ ಸುರುಳಿಯ ಹಾಳೆ. ಮತ್ತೊಂದು ಎಳೆದೆ, ಹರಿಯಲಿಲ್ಲ. ಮತ್ತೊಂದು, ಹರಿಯಿತು. ಬಾಗಿಲ ಬೆಳಕಿಗೆ ಹೋಗಿ ಅಂಚುಗಳನ್ನು ಹಿಡಿದು ನೋಡಿದೆ. ಹರಿದದ್ದರ ಅಂಚಿನಲ್ಲಿ ಬ್ಲೇಡು ತಡವರಿಸಿದ ಕಡೆ ಕೂದಲಿನಷ್ಟು ಕಚ್ಚು ಇತ್ತು. ಹರಿಯದಿದ್ದದ್ದರ ಅಂಚು ನುಣುಪಾಗಿತ್ತು. ನುಣುಪಿದ್ದ ಪಟ್ಟಿಗೆ ಸೂಜಿಯಿಂದ ಒಂದು ಸಣ್ಣ ಗೀರು ಹಾಕಿ ಎಳೆದೆ. ಬಟ್ಟೆ ಅಂಗಡಿಯವ ಖಣ ಅಳೆದು ಅಂಚಿಗೆ ಕತ್ತರಿ ತಾಗಿಸಿ ಎರಡೂ ಕೈಯಿಂದ ಸೀಳುತ್ತಾನಲ್ಲ, ಹಾಗೆ ಹೋಯಿತು.

ದಪ್ಪ ಕಾಗದಕ್ಕೆ ಬ್ಲೇಡು ತಾಗಿದರೆ ಗಾಯ ತಾಗಿದಲ್ಲೇ ಇರುತ್ತದೆ. ಇದಕ್ಕೆ ಹಾಗಲ್ಲ. ಇದರ ಗಾಯ ಮುಂದಕ್ಕೆ ನಡೆಯುತ್ತದೆ. ಮೋಟಾರು ತಿರುಗುವಾಗ ನಡುಗುತ್ತದೆ, ಕಾಯುತ್ತದೆ, ಆರುತ್ತದೆ. ಮೂವತ್ತಾರು ಸೀಳಿನ ಬಾಯಿಗೂ ನಾನು ಬ್ಲೇಡು ಎಳೆದಿದ್ದೆ. ಎರಡು ಪದರ ಹಾಕಿದರೇನು, ಎರಡಕ್ಕೂ ಒಂದೇ ಗಾಯ. ಅದು ನಡೆದು ಸೀಳಿನೊಳಗೆ ಇಳಿದರೆ ತಂತಿ ಕಬ್ಬಿಣಕ್ಕೆ ತಾಗುತ್ತದೆ.

ಹೊಳೆದದ್ದು ಇಷ್ಟು. ಆದರೆ ಸರಿಯೋ ತಪ್ಪೋ? ಮುಂಬಯಿಯ ಇಂಜಿನಿಯರರು ಕಳಿಸಿದ ಮಾಲು, ಇಪ್ಪತ್ತು ವರ್ಷದ ಮೇಸ್ತ್ರಿ ಕಲಿಸಿದ ಕೆಲಸ. ಬಲ್ಬು ಹತ್ತಿಲ್ಲ. ಹೊರಗೆ ಹಮಾಲರು ಮೋಟಾರು ಎತ್ತಿ ಚಕ್ಕಡಿಗೆ ಹಾಕಿದ ಸಪ್ಪಳ ಕೇಳಿತು. ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ನಾಳೆ ಆ ಕಿಂಡಿಗೆ ಕೈ ಹಾಕುವವಳು ಯಾರು ಎಂದು ನನಗೆ ಗೊತ್ತಿತ್ತು, ಅವಳು ನನ್ನ ಮುಂದೆ ಕುಳಿತು ಒಂದೇ ಒಂದು ಮಾತು ಕೇಳಿ ಹೋಗಿದ್ದಳು. ಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಡಿದು ಪರದೆ ದಾಟಿದೆ.

"ಕಾಕಾ, ಅದನ್ನ ಒಯ್ಯಬ್ಯಾಡ್ರಿ."

ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಅಂದೆ. ಈ ಸಲ ದನಿ ಎಷ್ಟು ಜೋರಾಗಿ ಬಂತೆಂದರೆ ಎತ್ತು ಕೂಡ ತಿರುಗಿ ನೋಡಿತು.

"ಯಾಕ?" ಅಂದರು ಕಾಕಾ.

"ಅದು ಒಳಗ ಹರದಿರತೈತ್ರಿ. ಇಲ್ಲಾ ಹರೀತೈತ್ರಿ."

ಮ್ಯಾನೇಜರರು ನಕ್ಕರು. "ಈಕಿ ಯಾರ ಮೇಸ್ತ್ರಿ? ಇಷ್ಟ ದಿನ ಎಲ್ಲಿ ಮುಚ್ಚಿ ಇಟ್ಟಿದ್ದಿ ಈ ಇಂಜಿನಿಯರ್ ಬಾಯಾರನ್ನ?"

ಹಮಾಲರೂ ನಕ್ಕರು. ನಾನು ನುಣುಪಾದ ಪಟ್ಟಿಯೊಂದನ್ನು ಮ್ಯಾನೇಜರರ ಮುಂದೆ ಹಿಡಿದೆ. ಅವರು ಎಳೆದರು. ಹರಿಯಲಿಲ್ಲ. "ನೋಡ್ರಿ, ಪರದೇಶದ ಮಾಲು!" ಅಂದರು. ಅದನ್ನೇ ತಿರುಗಿ ತೆಗೆದುಕೊಂಡು ಅಂಚಿಗೆ ಸೂಜಿಯಿಂದ ಗೀರಿ ಮತ್ತೆ ಕೊಟ್ಟೆ. ಅವರು ಅಷ್ಟೇ ಜೋರಿನಿಂದ ಎಳೆದರು. ಪಟ್ಟಿ ಎರಡಾಗಿ, ಅವರ ಮೊಣಕೈ ಹಿಂದೆ ನಿಂತ ಹಮಾಲನ ಹೊಟ್ಟೆಗೆ ಬಡಿಯಿತು. ಅವನು ಹೊಟ್ಟೆ ಹಿಡಿದುಕೊಂಡು ಕುಳಿತ.

ಕಾಕಾ ಹರಿದ ತುಂಡು ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಒಳಗ ಬ್ಲೇಡ ಎಳದದ್ದ ಯಾರ ಕೈ?"

"ನಂದ್ರಿ."

"ಕಲಿಸಿದ್ದ ಯಾರು?"

ಕಾಕಾ ತಂಬಾಕು ಉಗುಳಿ ಹಮಾಲರಿಗೆ ಅಂದರು, "ಇಳಸ್ರಿ ಅದನ್ನ."

"ಏನ ಮೇಸ್ತ್ರಿ, ತಲಿ ಕೆಟ್ಟೈತೇನು? ಗಿರಣಿ ನಿಂತ ಆರ ದಿನ ಆತು. ಬಲ್ಬು ಹತ್ತಿಲ್ಲಲ್ಲ!"

"ಹೋದ ಸಲಾನೂ ಹತ್ತಿರಲಿಲ್ರಿ ಸಾಹೇಬ್ರ. ಇಳಸ್ರಿ."

ಈಗ ನಾನು ಹೇಳಿದ್ದು ನಿಜವಾಯಿತು, ಎಲ್ಲರೂ ಹೊಗಳಿದರು ಎಂದು ನೀವು ಅಂದುಕೊಳ್ಳಬೇಡಿ. ಹಾಗಾಗಲಿಲ್ಲ. ಬಂಗಾರ ಕಾಗದ ಒಳಗೆ ಹರಿದಿದೆಯೋ ಇಲ್ಲವೋ ನೋಡಬೇಕಾದರೆ ಸುರುಳಿ ಹೊರಗೆ ಎಳೆಯಬೇಕು. ಸುರುಳಿ ಎಳೆದರೆ ಬಂಗಾರ ಕಾಗದ ಹರಿಯುತ್ತದೆ. ಕಾಕಾ ಒಂದೊಂದನ್ನೇ ಬಿಸಿ ಮಾಡಿ, ಹೆರಿಗೆ ಮಾಡಿಸುವವರಂತೆ ನಿಧಾನವಾಗಿ ಎಳೆದರು. ಆದರೂ ಹರಿದೇ ಬಂದವು. ಮೂವತ್ತಾರರಲ್ಲಿ ಒಂದರ ವಿಷಯದಲ್ಲಿಯೂ ಇದು ಮೊದಲೇ ಹೀಗಿತ್ತು ಎಂದು ಆಣೆ ಮಾಡಿ ಹೇಳಲು ಆಗಲಿಲ್ಲ.

"ನೀ ಹೇಳಿದ್ದ ಖರೆನೋ ಸುಳ್ಳೋ, ಇನ್ನ ಯಾರಿಗೂ ತಿಳಿಯೂದಿಲ್ಲ ತಂಗಿ" ಅಂದರು ಕಾಕಾ. ಬೈಗುಳದಂತೆ ಇರಲಿಲ್ಲ. ಸಮಾಧಾನದಂತೆಯೂ ಇರಲಿಲ್ಲ.

ಆ ಸಂಜೆ ಮನೆಗೆ ಹೋಗುವಾಗ ನಾಳೆ ಕೆಲಸಕ್ಕೆ ಬರಬೇಕೋ ಬೇಡವೋ ಎಂದು ಕೇಳಲು ಕೂಡ ನನಗೆ ಧೈರ್ಯವಾಗಲಿಲ್ಲ. ಮುಂಜಾನೆ ಹೋದಾಗ ಕಾಕಾ ದಪ್ಪ ಕಾಗದದ ಕಟ್ಟು ಬಿಚ್ಚಿ ನನ್ನ ಜಾಗದಲ್ಲಿ ಇಟ್ಟಿದ್ದರು. ಪಕ್ಕದಲ್ಲಿ ಬಂಗಾರ ಕಾಗದದ ಉಳಿದ ಸುರುಳಿ.

"ಇನ್ನೊಂದ ಸಲಕ್ಕ ಮಾತ್ರ ಆಗತೈತಿ. ಹ್ಯಾಂಗ ಮಾಡ್ತಿ?"

ಮೇಸ್ತ್ರಿ ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಗೊತ್ತಿದ್ದದ್ದು ಹೊಲಿಗೆ ಒಂದೇ. ಹೊಲಿಗೆಯಲ್ಲಿ ಕತ್ತರಿಸಿದ ಅಂಚನ್ನು ಯಾರೂ ಹಾಗೇ ಬಿಡುವುದಿಲ್ಲ, ಒಳಗೆ ಮಡಿಚಿ ಹೊಲಿಯುತ್ತಾರೆ. ಸೀಳಿನ ತಳಕ್ಕೆ ಮೊದಲು ದಪ್ಪ ಕಾಗದ ಹಾಕೋಣ, ಕಬ್ಬಿಣದ ಚೂಪು ಅದನ್ನೇ ಕಚ್ಚಲಿ. ಬಂಗಾರ ಕಾಗದ ಅದರ ಒಳಗೆ ಕೂಡಲಿ. ಎರಡೂ ತುದಿಗೆ ಅದನ್ನು ಮಡಿಚಿ ಅಂಟುಪಟ್ಟಿಯಿಂದ ಹಿಡಿಸೋಣ. ಅಳತೆಗೆ ಸರಿಯಾಗಿ ಮೊದಲೇ ಕತ್ತರಿಯಿಂದ ಕತ್ತರಿಸಿಕೊಂಡರೆ ಸೀಳಿನ ಬಾಯಲ್ಲಿ ಬ್ಲೇಡು ಬೇಕಾಗುವುದೇ ಇಲ್ಲ. ಇಷ್ಟನ್ನು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ, ಕಾಕಾ ಅಷ್ಟೂ ಹೊತ್ತು ತಂಬಾಕು ತಿಕ್ಕುತ್ತ ಕೇಳಿದರು.

"ಮಡಚಾಕ ಒಂದೊಂದ ಬೆರಳ ಹೆಚ್ಚ ಬೇಕು. ಸುರಳಿ ಸಾಲೂದಿಲ್ಲ."

"ಒಂದ ಪದರ ಆದ್ರ ಸಾಲತೈತ್ರಿ."

ಮೂರು ದಿನ ಮೂವತ್ತಾರು ತುಂಡುಗಳ ಅಂಚನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಕಚ್ಚು ಇದೆಯೆಂದು ಅನುಮಾನ ಬಂದ ತುಂಡನ್ನು ಬಿಟ್ಟೆ. ಕೊನೆಗೆ ಎರಡು ತುಂಡು ಕಡಿಮೆ ಬಿದ್ದವು. ಆ ಎರಡು ಸೀಳಿಗೆ ಅಂಟುಪಟ್ಟಿಯನ್ನೇ ಒಂದರ ಪಕ್ಕ ಒಂದು ಅಂಟಿಸಿ ಹಾಳೆ ಮಾಡಿದೆ. ಕೈಗೆ ಎಣ್ಣೆಯ ಪಸೆ ಇದ್ದರೆ ಅದು ಹಿಡಿಯುತ್ತಿರಲಿಲ್ಲ, ಅದಕ್ಕೇ ಆ ದಿನಗಳಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ದಪ್ಪ ಕಾಗದ ಸೇರಿದ್ದರಿಂದ ತಂತಿ ಸೀಳಿನಲ್ಲಿ ಅಲುಗಾಡದೆ ಬಿಗಿಯಾಗಿ ಕೂತಿತು. ಬರೀ ಬಂಗಾರ ಕಾಗದ ಹಾಕಿದ ಎರಡೂ ಸಲ ಅದು ಸಡಿಲವಿತ್ತು ಎಂಬುದು ನನಗೆ ಆಗಲೇ ಹೊಳೆದದ್ದು. ಹಾಗಾದರೆ ತಪ್ಪು ಬ್ಲೇಡಿನದೋ, ಸಡಿಲಿನದೋ? ಮತ್ತೆ ಗೊಂದಲ. ಕಾಕಾನಿಗೆ ಹೇಳಿದೆ. "ಈಗ ಅದನ್ನ ಕೆದಕಬ್ಯಾಡ" ಅಂದರು.

ಗಿರಣಿಗೆ ಕೂಡಿಸುವ ದಿನ ಕಾಕಾ ನನ್ನನ್ನೂ ಕರೆದೊಯ್ದರು, ವೈರಿನ ಜೋಡಣೆಗೆ ಪಟ್ಟಿ ಸುತ್ತಲು. ಕಾಕಾ ಮೊದಲು ಅರ್ಥಿಂಗ್ ಗುಂಡಿಗೆ ಎದುರು ನಿಂತು ನಾಲ್ಕು ಕೊಡ ನೀರು ಹಾಕಿಸಿದರು. ಬಲ್ಬು ಹಚ್ಚಿ ನೋಡಿದರು. ಆಮೇಲೆ ಸ್ವಿಚ್ಚು ಒತ್ತಿದರು. ಮೋಟಾರು ಗುಯ್ಯೆಂದು ಎದ್ದಿತು, ಬೆಲ್ಟು ಎಳೆಯಿತು, ಅರಳೆ ಹಾರತೊಡಗಿತು. ಒಂದು ತಾಸು ತಿರುಗಲು ಬಿಟ್ಟು ನಿಂತೆವು. ಕಿಂಡಿಯ ಸುತ್ತ ಬಿಳಿ ಎಳೆ ಮೆತ್ತಿಕೊಳ್ಳುತ್ತ ಬಂತು.

ಸಂಗೊಳ್ಳಿಯ ಹೆಣ್ಣುಮಗಳು ಎದುರಿಗೇ ಇದ್ದಳು. ಕೈಗೆ ಕಟ್ಟಿದ ಪಂಚೆ ಬಿಚ್ಚಿದ್ದಳು. ಆದರೆ ಮೋಟಾರಿನ ಹತ್ತಿರ ಬರಲಿಲ್ಲ.

"ಅರಳಿ ಬಿಡಸಬೇ. ಏನ ನೋಡಾಕತ್ತಿ?" ಅಂದರು ಮ್ಯಾನೇಜರರು.

"ಬಿಡಸತೇನ್ರಿ."

ಅವಳ ಕಾಲು ಏಳಲಿಲ್ಲ.

"ಕೋಲಿಗೆ ಚಿಂದಿ ಅರಬಿ ಕಟಗೊಂಡ ಬಿಡಸು ಹಂಗಾರ."

"ಅದೇನ ಜ್ಯಾಡನ ಬಲಿ ಏನ್ರೀ, ಕೋಲಿನಿಂದ ಬಿಡಸಾಕ? ಒಳಗ ಸಿಕ್ಕೊಂಡದ್ದ ಬೆರಳಿಗೇ ಬರೂದು." ಮಾತು ಅದೇ ಜೋರು. ಬಲಗೈ ಮಾತ್ರ ಸೆರಗಿನೊಳಗೆ ಇತ್ತು.

"ಆಗದಿದ್ರ ಹೇಳು, ಬ್ಯಾರೇದವ್ರನ್ನ ನೋಡೂಣು."

ಅಲ್ಲಿ ಮೂವತ್ತು ಮಂದಿ ಇದ್ದಿರಬೇಕು. ಅಷ್ಟು ಜನರ ನಡುವೆ ನಾನು ಅದಕ್ಕೂ ಮೊದಲು ನಡೆದವಳಲ್ಲ. ಹೇಗೆ ಹೋದೆನೋ ನೆನಪಿಲ್ಲ. ಮೋಟಾರಿನ ಮುಂದೆ ನಿಂತಾಗ ಕಾಕಾ ಹಿಂದಿನಿಂದ ಮೆಲ್ಲಗೆ ಅಂದರು, "ಅಂಗೈ ಬ್ಯಾಡ ತಂಗಿ, ಹಿಂಗೈ ಹಚ್ಚು. ಅಂಗೈ ಹಚ್ಚಿದ್ರ ಬೆರಳು ಹಿಡಕೊಂಡಬಿಡತಾವು." ನಾನು ಬರಿಗಾಲಲ್ಲಿದ್ದೆ. ಮಡಿಚಿದ ಅಂಚೊಂದು ಬಿಚ್ಚಿಕೊಂಡಿದ್ದರೆ? ಅಂಟಿಸಿ ಮಾಡಿದ ಆ ಎರಡು ತುಂಡು? ನಿಮ್ಮವ್ವ ಸಾಲೆಯಿಂದ ಬರುವ ಹೊತ್ತು.

ಹಿಂಗೈ ಹಚ್ಚಿದೆ.

ಬೆಚ್ಚಗಿತ್ತು. ಅಷ್ಟೇ. ಆಕಳ ಹೊಟ್ಟೆ ಮುಟ್ಟಿದರೆ ಹೇಗಿರುತ್ತದೋ ಹಾಗೆ ಬೆಚ್ಚಗೆ, ಸಣ್ಣಗೆ ನಡುಗುತ್ತಿತ್ತು. ಆಮೇಲೆ ಕೈ ತಿರುಗಿಸಿ ಅಂಗೈ ಇಟ್ಟೆ. ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಕಿಂಡಿಯ ಒಳಗಿನ ಅರಳೆಯನ್ನು ಒಂದು ಹಿಡಿ ಬಿಡಿಸಿದೆ.

ಅವಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಮೋಟಾರು ನೋಡಲಿಲ್ಲ, ನನ್ನ ಮುಖ ನೋಡಿದಳು. ಬಲಗೈ ಸೆರಗಿನಿಂದ ಹೊರಗೆ ತೆಗೆದಳು.

"ಸರಿ ಅತ್ಲಾಗ. ಹಂಗಲ್ಲ ಬಿಡಸೂದು, ಎಳಿ ಒಳಗ ಹೊಕ್ಕೋತೈತಿ. ನನ್ನ ಕೆಲಸ ಕೆಡಸಬ್ಯಾಡ."

ಆ ಹಂಗಾಮು ಮುಗಿಯುವವರೆಗೆ ಆ ಮೋಟಾರು ನಮ್ಮ ಅಂಗಡಿಗೆ ಬರಲಿಲ್ಲ. ಬ್ಲೇಡು ಬಿಟ್ಟದ್ದಕ್ಕೋ, ತಂತಿ ಬಿಗಿಯಾಗಿದ್ದಕ್ಕೋ, ದಪ್ಪ ಕಾಗದ ಕೆಳಗೆ ಹಾಕಿದ್ದಕ್ಕೋ ನನಗೆ ತಿಳಿಯದು. ಒಂದೊಂದನ್ನೇ ಬದಲಿಸಿ ನೋಡಿದ್ದರೆ ತಿಳಿಯುತ್ತಿತ್ತು. ಹಾಗೆ ನೋಡಲು ಮತ್ತೊಬ್ಬರ ಕೈಯನ್ನು ಆ ಕಿಂಡಿಗೆ ಒಡ್ಡಬೇಕಾಗುತ್ತಿತ್ತು. ಕಾಕಾ ಆಮೇಲೆ ಯಾವ ಕಾಗದಕ್ಕೂ ಸೀಳಿನ ಬಾಯಲ್ಲಿ ಬ್ಲೇಡು ಎಳೆಯಗೊಡಲಿಲ್ಲ, ಯಾಕೆಂದು ಯಾರಿಗೂ ಹೇಳಲೂ ಇಲ್ಲ.

ಕಾವೇರಿ, ವೀರೂ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ನೀರು, ಗೆದ್ದಲು ತಾಗದ ಕಡೆ ಇಡಿ. ಮುಂದೆ ನಿಮ್ಮಲ್ಲಿ ಒಬ್ಬರು ಮೋಟಾರು, ಕರೆಂಟಿನ ವಿದ್ಯೆಯನ್ನೇ ಓದಬಹುದು, ಇಲ್ಲವೆ ಓದಿದವರು ಯಾರಾದರೂ ನಿಮಗೆ ಸಿಗಬಹುದು. ಅವರಿಗೆ ಇದನ್ನು ತೋರಿಸಿ, ಅವತ್ತು ಚಕ್ಕಡಿಯ ಮುಂದೆ ನಾನು ಹೇಳಿದ್ದು ಖರೆಯೋ ಅಲ್ಲವೋ ಕೇಳಿ. ಅಲ್ಲಿಯವರೆಗೆ ಜೋಪಾನ.